ಬ್ರದರಣ್ಣ

ಯರ್ರಿಸ್ವಾಮಿ ಅವರು ಕೂತಿದ್ದನ್ನು ನಾನು ನೋಡಿದ್ದು ಎರಡೇ ಸಲ. ಚಹಾ ನಿಂತೇ ಕುಡಿಯುತ್ತಿದ್ದರು. ಡಬ್ಬಿಯ ಊಟವನ್ನು ಔಷಧದ ಕಪಾಟಿಗೆ ಒರಗಿಕೊಂಡು ಮುಗಿಸುತ್ತಿದ್ದರು. ತಮ್ಮೂರು ಮೋಕದಿಂದ ಬರುವ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಕಂಬಿ ಹಿಡಿದೇ ಬರುತ್ತಿದ್ದರಂತೆ. ಕೂಡ್ರಿ ಅಂದರೆ, "ಕೂತ್ರ ಮತ್ತ ಏಳಾಕ ಟೈಮ್ ಬೇಕಲ್ಲಪ್ಪಾ" ಅನ್ನುವುದು ಅವರ ಸಿದ್ಧ ಉತ್ತರ.

ಸಿರುಗುಪ್ಪದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅವರು ನರ್ಸ್. ಗಂಡಸು ನರ್ಸಾದರೆ ಬ್ರದರ್ ಅನ್ನುತ್ತಾರೆ. ಭತ್ತದ ಗದ್ದೆ ಬಿಟ್ಟು ಬರುತ್ತಿದ್ದ ಅಜ್ಜಿಯರಿಗೆ ಬರೀ ಬ್ರದರ್ ಅನ್ನುವುದು ಏಕವಚನದಂತೆ ಕೇಳಿಸುತ್ತಿತ್ತೋ ಏನೋ, ಮರ್ಯಾದೆಗೊಂದು ಅಣ್ಣ ಸೇರಿಸಿ 'ಬ್ರದರಣ್ಣ' ಮಾಡಿಕೊಂಡಿದ್ದರು. "ಅಣ್ಣಣ್ಣ ಅಂದಂಗಾತಲ್ರೀ" ಎಂದು ನಾನು ನಕ್ಕಾಗ, "ಎರಡ್ ಸಲ ಅಣ್ಣ ಆದ್ರ ನಿನಗೇನ್ಲೇ ಕಷ್ಟ" ಅಂದು ಟ್ರೇ ಹಿಡಿದು ಓಡಿದರು.

ನಾನು ಅಲ್ಲಿಗೆ ಸೇರಿದ್ದು ಸಿಟ್ಟಿನಲ್ಲಿ. ಏಳನೇ ಇಯತ್ತೆಯಲ್ಲಿದ್ದಾಗ ಶಾಲೆಯ ವೇಷಭೂಷಣ ಸ್ಪರ್ಧೆಗೆ ಅವ್ವ ನನಗೊಂದು ಬಿಳಿ ಕೋಟು ಹಾಕಿಸಿದ್ದಳು. ಅಂದಿನಿಂದ ಕುರುಗೋಡಿನ ನಮ್ಮ ಓಣಿಗೆಲ್ಲ ನಾನು ಡಾಕ್ಟರ್. ನೀಟ್ ಪರೀಕ್ಷೆ ಎರಡು ಸಲ ಬರೆದೆ, ಎರಡು ಸಲವೂ ನೆಗೆದುಬಿದ್ದೆ. ಆದರೂ ಓಣಿಯವರು ಡಾಕ್ಟರ್ ಅನ್ನುವುದನ್ನು ಬಿಡಲಿಲ್ಲ, ಅವ್ವ ಮೂರನೇ ಸಲ ಬರೆಸುವ ಹಟ ಬಿಡಲಿಲ್ಲ. ಬಳ್ಳಾರಿಯಲ್ಲಿ ಕೋಚಿಂಗ್ ಶುರುವಾಗುವ ತನಕ ಇರಲಿ ಎಂದು ಸೋದರಮಾವ ಈ ನರ್ಸಿಂಗ್ ಹೋಮಿನಲ್ಲಿ ಚೀಟಿ ಬರೆಯುವ ಕೆಲಸ ಕೊಡಿಸಿದ. ಬಂದವರ ಹೆಸರು, ವಯಸ್ಸು, ಏನು ತ್ರಾಸು ಎಂದು ಬರೆದುಕೊಂಡು ಸರದಿಗೆ ಕೂರಿಸುವುದು. ಬಿಳಿ ಕೋಟಿನವನ ಹಣೆಬರಹ ಇಷ್ಟೇ ಆಯಿತಲ್ಲ ಎಂದು ಒಳಗೇ ಕುದಿಯುತ್ತ, ಮೇಜಿನ ಕೆಳಗೆ ಒಂದೇ ಸಮ ಕಾಲು ಕುಣಿಸುತ್ತ ಬರೆಯುತ್ತಿದ್ದೆ.

ಬ್ರದರಣ್ಣನಿಗೆ ನನ್ನ ಬರವಣಿಗೆಯ ವೇಗವೇ ಆಗಿಬರುತ್ತಿರಲಿಲ್ಲ. "ಬಾಯಿ ಹೇಳಿದ್ದು ಬರೀಬ್ಯಾಡ್ಲೇ, ಕೈ ತೋರ್ಸಿದ್ದು ಬರಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ತಾವಂತೂ ಯಾರನ್ನೇ ಆಗಲಿ, "ಎಲ್ಲೈತಿ, ಕೈಯಿಟ್ಟು ತೋರ್ಸವ್ವಾ" ಅನ್ನದೆ ಬಿಡುತ್ತಿರಲಿಲ್ಲ. ಕೆಮ್ಮುತ್ತ ಬಂದವರಿಗೂ ಅದೇ ಮಾತು. ಇದೊಂದು ಮುದುಕರ ಚಟ ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಗಡಿಯಾಚೆಯ ಆಂಧ್ರದ ಹಳ್ಳಿಯಿಂದ ಒಬ್ಬ ಅಜ್ಜಿ ಒಬ್ಬಳೇ ಬಂದಳು. ಹೆಸರು, ಊರು ಎಲ್ಲ ನಮ್ಮಷ್ಟೇ ಚೆಂದದ ಕನ್ನಡದಲ್ಲಿ ಹೇಳಿದಳು. ಏನಾಗೈತಿ ಅಂದೆ. ಸೊಂಟದ ಸಂಚಿ ತಡಕಾಡುತ್ತ, "ಮುಂಜಾನಿಂದ ಕಳ್ಳು ತಿರುಗಾಕತ್ಯಾವಪ್ಪಾ" ಅಂದಳು. ನಮ್ಮಲ್ಲಿ ಕಳ್ಳು ಅಂದರೆ ಕರುಳು. ಕೈ ಬೇರೆ ಹೊಟ್ಟೆಯ ಹತ್ತಿರವೇ ಇತ್ತು. ಹೊಟ್ಟೆ ತೊಳಸುವುದು ಎಂದು ಬರೆದು, ಹದಿನಾಲ್ಕನೇ ನಂಬರು ಕೊಟ್ಟು, ಮೂಲೆಯ ಬೆಂಚು ತೋರಿಸಿದೆ.

ಅರ್ಧ ಗಂಟೆಯಾಗಿರಬೇಕು. ಆ ಕಡೆಯಿಂದ ಓಡುತ್ತಿದ್ದ ಬ್ರದರಣ್ಣ ಬೆಂಚಿನ ಮುಂದೆ ಗಕ್ಕನೆ ನಿಂತರು. ಅಜ್ಜಿಯ ಕುಪ್ಪಸ ಬೆವರಿನಿಂದ ತೊಯ್ದಿತ್ತು, ತಲೆ ಗೋಡೆಗೆ ವಾಲಿತ್ತು. "ಎಲ್ಲೈತವ್ವಾ, ಕೈಯಿಟ್ಟು ತೋರ್ಸು" ಅಂದರು. ಅಜ್ಜಿ ನಡುಗುವ ಕೈ ಎತ್ತಿ ಕಣ್ಣಿನ ಮೇಲೆ ಇಟ್ಟುಕೊಂಡಳು.

ತೆಲುಗಿನಲ್ಲಿ ಕಳ್ಳು ಅಂದರೆ ಕಣ್ಣು. ಕಳ್ಳು ತಿರುಗುವುದು ಅಂದರೆ ತಲೆ ಸುತ್ತಿ ಕಣ್ಣು ಕತ್ತಲೆ ಬರುವುದು. ಇಡೀ ಕನ್ನಡದ ಮಾತಿನಲ್ಲಿ ಅದೊಂದೇ ತೆಲುಗಿನ ಶಬ್ದ, ನನ್ನ ಕೈಗೆ ಸಿಕ್ಕು ಹಾಳಾಗಿತ್ತು. ಸಕ್ಕರೆ ಕಾಯಿಲೆಯವಳು, ಗುಳಿಗೆ ನುಂಗಿ ಏನೂ ತಿನ್ನದೆ ಬಸ್ಸು ಹತ್ತಿದ್ದಳು. ಬ್ರದರಣ್ಣ ಬೆರಳು ಚುಚ್ಚಿ ನೋಡಿದರು. ಸಕ್ಕರೆ ಪೂರ್ತಿ ಇಳಿದುಹೋಗಿತ್ತು. ಗ್ಲೂಕೋಸ್ ನೀರು ಕುಡಿಸಿದರು, ಡಾಕ್ಟರನ್ನು ಕೂಗಿ ಕರೆದರು, ಡ್ರಿಪ್ ಹಚ್ಚಿದರು. ಅಜ್ಜಿ ಕಣ್ಣು ಬಿಟ್ಟು, "ಹಸಿವಾಗೈತಿ ಬ್ರದರಣ್ಣಾ" ಅಂದ ಮೇಲೆ ಆ ಮನುಷ್ಯ ಮಂಚದ ಪಕ್ಕದ ನೆಲದ ಮೇಲೆ ಕೂತುಬಿಟ್ಟರು. ಅದು ಮೊದಲನೆಯ ಸಲ.

ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ನಾನೇ ಹೋಗಿ, "ನಾಳಿಂದ ಬರಂಗಿಲ್ರಿ" ಅಂದೆ.

"ಇವತ್ತ ರಾತ್ರಿ ನಿದ್ದಿ ಬಂತಂದ್ರ ಬರಬ್ಯಾಡ" ಅಂದರು. "ಬರ್ಲಿಲ್ಲಂದ್ರ ಬಾ. ಈ ಕೆಲ್ಸಕ್ಕ ಅಂಥಾವ್ರ ಬೇಕು."

ಎಲ್ಲಿಯ ನಿದ್ದೆ. ಮರುದಿನ ಮೊದಲ ಬಸ್ಸಿಗೇ ಹೋದೆ. ಬೆಂಚಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಒಬ್ಬೊಬ್ಬರನ್ನೂ ಕೈಯಿಟ್ಟು ತೋರಿಸಲು ಕೇಳಿ ಬರೆದುಕೊಂಡೆ. ಕಾಲು ಕುಣಿಸುವುದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಆ ತಿಂಗಳಲ್ಲೇ ಅವ್ವನಿಗೆ ಹೇಳಿದೆ, ಕೋಚಿಂಗಿಗೆ ಹೋಗುವುದಿಲ್ಲ, ನರ್ಸಿಂಗ್ ಓದುತ್ತೇನೆ ಎಂದು. ಅವ್ವ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೇ ದಿನ ಬ್ರದರಣ್ಣ ತಾವಾಗಿಯೇ ಕುರುಗೋಡಿಗೆ ಬಂದು ನಮ್ಮ ಬಾಗಿಲಲ್ಲಿ ನಿಂತರು. ಕೂಡ್ರಿ ಕೂಡ್ರಿ ಎಂದು ಅವ್ವ ಎಷ್ಟು ಅಂದರೂ ಕೂಡಲಿಲ್ಲ. ಪಕ್ಕದ ಮನೆಯ ಈರಮ್ಮತ್ತೆ ಮೊರ ಹಿಡಿದು ಕಟ್ಟೆಗೆ ಬಂದು ನೋಡುತ್ತಿದ್ದಳು.

"ಗಂಡ್ಮಗ ನರ್ಸ್ ಆದ್ರ ಹೆಣ್ಣ್ ಯಾರ್ರಿ ಕೊಡ್ತಾರ?" ಎಂದಳು ಅವ್ವ, ಈರಮ್ಮತ್ತೆಗೆ ಕೇಳಿಸದಂತೆ.

"ನನ್ನಂಥಾವ್ನಿಗೇ ಕೊಟ್ಟಾರವ್ವಾ. ನಿಮ್ಮ ಹುಡುಗ ನೋಡಾಕ ಚಲೋ ಅದಾನ."

ಅವ್ವನಿಗೆ ನಗು ಬಂತು, ಸಿಟ್ಟು ಹೋಗಲಿಲ್ಲ. ಕಡೆಗೆ ಒಂದು ಕರಾರಿನ ಮೇಲೆ ಒಪ್ಪಿದಳು. ಓಣಿಯಲ್ಲಿ ಮಾತ್ರ ಬಾಯಿ ಬಿಡಕೂಡದು. ನಾನು ಬಳ್ಳಾರಿಯ ನರ್ಸಿಂಗ್ ಕಾಲೇಜು ಸೇರಿದೆ. ರಜೆಗೆ ಹೋದಾಗ ಈರಮ್ಮತ್ತೆ, "ಡಾಕ್ಟ್ರೇ, ಯಾವಾಗ ಬಂದ್ರಿ?" ಅನ್ನುವಳು. ನಾನು ಹಲ್ಲು ಕಿರಿದು ಒಳಗೆ ಹೋಗುವೆ. ಪ್ರತಿ ಸಲವೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಇದನ್ನು ಬ್ರದರಣ್ಣನಿಗೆ ಫೋನಿನಲ್ಲಿ ಹೇಳಿಕೊಂಡಿದ್ದೆ ಕೂಡ.

ಕೊನೆಯ ವರ್ಷ ಬಳ್ಳಾರಿಯ ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ನನಗೆ ಡ್ಯೂಟಿ ಇತ್ತು. ಒಂದು ಮಧ್ಯಾಹ್ನ ಹೊರಗಿನ ಬೆಂಚಿನ ಮೇಲೆ ಯರ್ರಿಸ್ವಾಮಿ ಅವರನ್ನು ಕಂಡೆ. ಕೂತಿದ್ದರು. ಅಷ್ಟು ನೋಡಿದ್ದಕ್ಕೇ ಕೈಯಲ್ಲಿದ್ದ ಕೆಲಸ ಬಿಟ್ಟು ಹತ್ತಿರ ಹೋದೆ.

"ಗ್ಯಾಸ್ ಆಗೈತ್ಲೇ. ಮುಂಜಾನಿಂದ ಹಂಗ ಐತಿ. ಒಂದ್ ಗುಳಿಗಿ ಕೊಡು, ಹೋಗ್ತೀನಿ" ಅಂದರು.

"ಕೈಯಿಟ್ಟು ತೋರ್ಸ್ರಿ."

"ನನಗ ಕಲಿಸ್ತಿಯೇನ್ಲೇ?" ಎಂದು ಗದರಿದರು. ಆದರೆ ಬಲಗೈ ಮೇಲೆದ್ದು ಎದೆಯ ನಡುವೆ ಬಂತು. ಅಲ್ಲಿಂದ ಎಡಭುಜಕ್ಕೆ, ಭುಜದಿಂದ ಮೊಣಕೈಗೆ ಇಳಿಯಿತು. ನಾನು ಡಾಕ್ಟರ ಕಡೆಗೆ ಓಡಿದೆ. ಇಸಿಜಿ ತೆಗೆದರು, ಸ್ಟ್ರೆಚರ್ ತಂದರು. ಒಳಗೆ ತಳ್ಳಿಕೊಂಡು ಹೋಗುವಾಗ ಅವರು ನನ್ನ ಅಂಗಿ ಹಿಡಿದುಕೊಂಡರು.

"ಏನ್ ಬರ್ದಿ?"

"ಕೈ ತೋರ್ಸಿದ್ದು ಬರ್ದೀನ್ರಿ."

"ಓಣ್ಯಾಗ ಹೇಳಿಯೇನು?"

"ಇನ್ನೂ ಇಲ್ರಿ."

"ಹೇಳ್ಲೇ" ಅಂದರು. ಬಾಗಿಲು ಮುಚ್ಚಿತು.

ಅವರು ಆಸ್ಪತ್ರೆಗೆ ಬಂದದ್ದೇ ತಡವಾಗಿತ್ತು. ಮೂರನೇ ದಿನ ಹೋಗಿಬಿಟ್ಟರು. ಮೋಕದಲ್ಲಿ ಮಣ್ಣು ಮುಗಿಸಿ, ಬಳ್ಳಾರಿಗೆ ಬಂದು, ಕುರುಗೋಡಿನ ಬಸ್ಸು ಹಿಡಿದೆ. ಸೀಟಿತ್ತು, ಕೂಡಲು ಮನಸ್ಸಾಗಲಿಲ್ಲ. ಓಣಿಗೆ ಕಾಲಿಡುತ್ತಲೇ ಈರಮ್ಮತ್ತೆ ಕಟ್ಟೆಯಿಂದ ಕೂಗಿದಳು.

"ಡಾಕ್ಟ್ರೇ, ಯಾವಾಗ ಬಂದ್ರಿ?"

"ಡಾಕ್ಟ್ರ ಅಲ್ಲತ್ತಿ. ನಾನು ಬ್ರದರ್" ಅಂದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಬ್ರದರ್ ಅಂದ್ರ ಏನವ್ವಾ ಅದು?" ಎಂದು ಈರಮ್ಮತ್ತೆ ಅವ್ವನನ್ನೇ ಕೇಳಿದಳು.

ಅವ್ವ ಹೊಸ್ತಿಲು ದಾಟಿ ಹೊರಗೆ ಬಂದಳು. ಆಮೇಲೆ ಇಡೀ ಓಣಿಗೆ ಕೇಳುವಂತೆ ಹೇಳಿದಳು: "ಆವತ್ತು ನಮ್ಮ ಬಾಗಿಲಾಗ ನಿಂತಿದ್ರಲ್ಲ, ಎಷ್ಟ್ ಹೇಳಿದ್ರೂ ಕೂಡಲಿಲ್ಲ, ಅವ್ರ ಕೆಲ್ಸಕ್ಕ ಹೋಗ್ಯಾನ ನಮ್ಮ ಹುಡುಗ."