ಅಂಗೈಗೆ ಸಿಕ್ಕ ಸೋರಿಕೆ

ನನ್ನ ಅಕ್ಕನ ಕಾರಿನಲ್ಲಿ ಕಾಲಿಗೆ ಕೆಲಸವಿಲ್ಲ. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಅವಳ ಎರಡೂ ಕಾಲುಗಳ ಬಲ ಹೋಗಿತ್ತು. ಅದಕ್ಕೇ ಸ್ಟೇರಿಂಗ್ ಪಕ್ಕದಲ್ಲಿ ಒಂದು ಕಬ್ಬಿಣದ ಹಿಡಿಕೆ ಕೂರಿಸಿದ್ದೆವು. ಮುಂದಕ್ಕೆ ಒತ್ತಿದರೆ ಬ್ರೇಕು, ತನ್ನತ್ತ ಎಳೆದರೆ ವೇಗ. ಗೇರು ತಾನೇ ಬದಲಾಗುತ್ತದೆ. ಸೇಡಂನಿಂದ ಸುಲೇಪೇಟದ ಶಾಲೆಗೆ ಪಾಠ ಮಾಡಲು ಅವಳು ದಿನಾ ಒಬ್ಬಳೇ ಹೋಗಿ ಬರುತ್ತಿದ್ದಳು. ಅದಕ್ಕೂ ಮೊದಲು ಅವಳನ್ನು ಎತ್ತಿ ಬಸ್ಸಿಗೆ ಹತ್ತಿಸುತ್ತಿದ್ದವನು ನಾನು. ಕಂಡಕ್ಟರು ಅವಸರದಲ್ಲಿ ಸೀಟಿ ಊದುವಾಗ ಅವಳ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಹಿಡಿಕೆ ಕೂರಿಸಿ ವರ್ಷ ತುಂಬುವುದರೊಳಗೆ ಒಂದು ಮಧ್ಯಾಹ್ನ, ಶಾಲೆಯಿಂದ ಬರುವ ದಾರಿಯಲ್ಲಿ ಇಂಜಿನ್ ಕಾದು ನಿಂತುಬಿಟ್ಟಿತು. ಟ್ರ್ಯಾಕ್ಟರಿಗೆ ಕಟ್ಟಿ ಸೇಡಂನ ಗ್ಯಾರೇಜಿಗೆ ಎಳೆದು ತಂದೆವು. ಅಲ್ಲಿನ ಮಿಸ್ತ್ರಿ ನಮ್ಮ ತಂದೆಯ ಕಾಲದಿಂದಲೂ ಗುರುತಿನವರು, ನಮಗೆಲ್ಲ ಚಾಚಾ. ಅವರು ಎಣ್ಣೆಯ ಮುಚ್ಚಳ ಬಿಚ್ಚಿ ತಿರುಗಿಸಿ ತೋರಿಸಿದರು. ಒಳಗೆಲ್ಲ ಹಾಲು ಹೆಚ್ಚಾದ ಚಹಾದ ಬಣ್ಣ.

"ಎಣ್ಣ್ಯಾಗ ನೀರು ಕೂಡ್ಯಾದ ಅಕ್ಕೋರೆ. ಹೆಡ್ ಗ್ಯಾಸ್ಕೆಟ್ ಹೋಗ್ಯಾದ."

ಇಂಜಿನ್ನಿನ ತಲೆಭಾಗವಾದ ಹೆಡ್ ಬಿಚ್ಚಿದಾಗ ನಾನು ಮೊದಲ ಸಲ ಇಂಜಿನ್ನಿನ ಒಳಗನ್ನು ಕಂಡೆ. ಬೆಂಕಿ ಉರಿಯುವ ಕುಳಿಗಳ ಪಕ್ಕದಲ್ಲೇ ನೀರಿನ ದಾರಿ, ಅದರ ಪಕ್ಕದಲ್ಲೇ ಎಣ್ಣೆಯ ದಾರಿ, ಎಲ್ಲದರ ನಡುವೆ ಗ್ಯಾಸ್ಕೆಟ್ ಎಂಬ ಒಂದು ತೆಳ್ಳನೆಯ ಹಾಳೆ. ಇಷ್ಟು ದಿನ ಈ ಮೂರೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳಿದ್ದೇ ದೊಡ್ಡದು ಅನಿಸಿತು. ನಾನು ಬಾಯಿ ತೆರೆದು ನೋಡುತ್ತಲೇ ಇದ್ದೆ, ಚಾಚಾ ನಕ್ಕರು.

ಕಾದು ಸೊಟ್ಟಗಾಗಿದ್ದ ಹೆಡ್ಡನ್ನು ಶಹಾಬಾದಿಗೆ ಒಯ್ದು ಸಮ ಮಾಡಿಸಿದೆವು. ಹೊಸ ಗ್ಯಾಸ್ಕೆಟ್ ಬಿತ್ತು, ಹಳೆಯ ಎಣ್ಣೆ ಹೋಗಿ ಹೊಸದು ಬಂತು, ಇಂಜಿನ್ ಚೆನ್ನಾಗಿಯೇ ಓಡಿತು. ಆದರೆ ಚಾಚಾನ ಹಣೆಯ ಗಂಟು ಬಿಚ್ಚಲಿಲ್ಲ. ಮೊದಲು ನೀರು ಕಡಿಮೆಯಾಗಿಯೇ ಇಂಜಿನ್ ಕಾದು ಗ್ಯಾಸ್ಕೆಟ್ ಸುಟ್ಟಿದೆ, ಆ ನೀರು ಸೋರಿದ್ದೆಲ್ಲಿ ಎಂಬುದೇ ಅವರ ಚಿಂತೆ. ರೇಡಿಯೇಟರ್ ಸರಿ, ಪಂಪು ಸರಿ. ಗಾಳಿ ತುಂಬಿ ನೋಡಿದರೂ ಎಲ್ಲೂ ಒಂದು ಹನಿ ಸೋರಲಿಲ್ಲ.

"ನೀರು ಎಲ್ಲಿ ಹೋತು ಅಂತ ತಿಳೀಲಿಲ್ಲಂದ್ರ ಈ ಗ್ಯಾಸ್ಕೆಟ್ ಭೀ ಸುಡ್ತದ."

ಜೊತೆಗೆ ಬಂದಿದ್ದ ನಮ್ಮ ಕಾಕಾನಿಗೆ ಅಷ್ಟೇ ಸಾಕಾಯಿತು. ನಮ್ಮ ಮನೆಯಲ್ಲಿ ಅವರು ಹೇಳಿದ್ದೇ ಕಡೆಯ ಮಾತು.

"ಕೈಲೆ ನಡಸೋ ಗಾಡಿ ಹಿಂಗೇ ಆಗತದ. ಆ ಹಿಡಿಕಿ ತೆಗಸ್ರಿ. ಡ್ರೈವರ್ ಇಡೋಣು, ಇಲ್ಲಂದ್ರ ಮದಲಿನಂಗ ಬಸ್ಸಿಗಿ ಹೋಗಲಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಬಸ್ಸಿಗಿ ದಿನಾ ನೀವ ಹತ್ತಸ್ತೀರೇನು?" ಎಂದುಬಿಟ್ಟೆ. ಕಾಕಾ ನನ್ನನ್ನು ದುರುಗುಟ್ಟಿ ನೋಡಿದರು. ಅಕ್ಕ ನಮ್ಮಿಬ್ಬರನ್ನೂ ಲೆಕ್ಕಿಸಲಿಲ್ಲ.

"ಚಾಚಾ, ನನಗ ಒಂದ್ಸಲ ಕುಂದ್ರಲಿಕ್ಕ ಕೊಡ್ರಿ."

ಇಂಜಿನ್ ಚಾಲೂ ಮಾಡಿ ಕೂತಳು. ಕಣ್ಣು ಮುಚ್ಚಿ ಹಿಡಿಕೆಯನ್ನು ನಿಧಾನವಾಗಿ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು.

"ಪೂರಾ ಒತ್ತಿದಾಗ ಕಡೀಗಿ ಮೆತ್ತಗ ಏನೋ ತಾಗಲಿಕತ್ತದ. ಕಬ್ಬಿಣ ಅಲ್ಲ, ರಬ್ಬರ್ ಇದ್ದಂಗ. ಮದಲು ಹಿಂಗ ಇರಲಿಲ್ಲ."

ನಾನೂ ಒತ್ತಿ ನೋಡಿದೆ. ವರ್ಷಗಟ್ಟಲೆ ಗಾಡಿ ಓಡಿಸಿದವನು ನಾನು, ನನ್ನ ಕೈಗೆ ಏನೂ ತಿಳಿಯಲಿಲ್ಲ. ಚಾಚಾನಿಗೂ ತಿಳಿಯಲಿಲ್ಲ. ಆದರೆ ಅವರು ಅವಳ ಮಾತನ್ನು ತಳ್ಳಿಹಾಕಲಿಲ್ಲ. "ಜೋರಲೆ ಒತ್ತಿ ಹಿಡೀರಿ ಅಕ್ಕೋರೆ, ಬಿಡಬ್ಯಾಡ್ರಿ" ಎಂದು ಬಾನೆಟ್ಟಿನೊಳಗೆ ತಲೆ ಹಾಕಿದರು. ಇಂಜಿನ್ನಿನ ಹಿಂದಿನ ಸಂದಿಗೆ ಬ್ಯಾಟರಿಯ ಬೆಳಕು ಬಿಟ್ಟು, ಒಂದು ಸಣ್ಣ ಕನ್ನಡಿಯನ್ನು ಇಳಿಸಿದರು. ಸ್ವಲ್ಪ ಹೊತ್ತಿಗೆ "ಯಾ ಅಲ್ಲಾ" ಎಂಬ ಉದ್ಗಾರ ಕೇಳಿತು.

ನನ್ನನ್ನೂ ಕರೆದು ತೋರಿಸಿದರು. ಹಿಡಿಕೆಯನ್ನು ಬಿಗಿದಿದ್ದ ಬೋಲ್ಟುಗಳಲ್ಲಿ ಒಂದು ಉದ್ದವಾಗಿತ್ತು. ಕಾರಿನ ಒಳಭಾಗಕ್ಕೂ ಇಂಜಿನ್ನಿಗೂ ನಡುವಿನ ತಗಡನ್ನು ದಾಟಿ ಅದರ ಮೂತಿ ಆಚೆ ಚಾಚಿತ್ತು. ದಿನಾ ಒತ್ತಿ ಒತ್ತಿ ಸಡಿಲವಾಗಿದ್ದ ಆ ತಗಡು ಜೋರಾಗಿ ಬ್ರೇಕ್ ಒತ್ತಿದಾಗ ಕೂದಲೆಳೆಯಷ್ಟು ಬಾಗುತ್ತಿತ್ತು, ಬೋಲ್ಟು ಹೋಗಿ ನೀರಿನ ರಬ್ಬರ್ ಪೈಪನ್ನು ಚುಚ್ಚುತ್ತಿತ್ತು. ಆಗ ಮಾತ್ರ ತೂತು ಬಾಯಿ ಬಿಟ್ಟು ದಾರದಂಥ ನೀರು ಚಿಮ್ಮಿ, ಬಿಸಿ ಇಂಜಿನ್ನಿನ ಮೇಲೆ ಬಿದ್ದು ಆವಿಯಾಗುತ್ತಿತ್ತು. ಕೈ ಬಿಟ್ಟರೆ ರಬ್ಬರು ಕೂಡಿಕೊಳ್ಳುತ್ತಿತ್ತು. ನಾವು ಹುಡುಕಿದ್ದೆಲ್ಲ ಯಾರೂ ಬ್ರೇಕ್ ಒತ್ತದೆ ಇದ್ದಾಗ.

ಹಿಡಿಕೆ, ಸರಳು, ಬೋಲ್ಟು, ತಗಡು, ಇಷ್ಟು ಕಬ್ಬಿಣವನ್ನು ದಾಟಿ ರಬ್ಬರಿನ ಮೆದುತನ ಅವಳ ಅಂಗೈಗೆ ಬಂದಿತ್ತು. ನಾನು ಅವಳನ್ನು ಎತ್ತಿಕೊಂಡು ತಿರುಗಿದವನು, ಅವಳನ್ನು ಪೂರಾ ಬಲ್ಲೆ ಎಂದುಕೊಂಡಿದ್ದವನು. ಆ ಕೈಯಲ್ಲಿ ಇಂಥದ್ದೊಂದು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಚಾಚಾ ಬೋಲ್ಟನ್ನು ಗಿಡ್ಡ ಮಾಡಿ, ತಗಡಿನ ಹಿಂದೆ ದಪ್ಪ ಪಟ್ಟಿ ಕೊಟ್ಟು, ಹೊಸ ಪೈಪು ಹಾಕಿದರು. ಹಿಡಿಕೆ ಇದ್ದಲ್ಲೇ ಉಳಿಯಿತು. ಅದನ್ನು ತೆಗೆಸುವ ಹಟವನ್ನು ಕಾಕಾ ಬಿಟ್ಟರು. ಆದರೂ ಮರುದಿನ ಬೆಳಿಗ್ಗೆ ಅವಳು ಶಾಲೆಗೆ ಹೊರಟಾಗ, "ಇವತ್ತೊಂದು ದಿನ ತಮ್ಮನ್ನ ಜೋಡಿ ಕರ್ಕೊಂಡು ಹೋಗವ್ವ" ಎಂದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅಕ್ಕ ಇಂಜಿನ್ ಚಾಲೂ ಮಾಡಿದಳು, ಹಿಡಿಕೆ ಮುಟ್ಟಲಿಲ್ಲ.

"ಇಳಿ" ಅಂದಳು.

"ಯಾಕ?"

"ನೀ ಬಾಜೂಕ ಕುಂತ್ರ ನಾ ನಿನ್ನ ಮಾತೇ ಕೇಳ್ತೀನಿ. ಗಾಡಿ ಮಾತು ಕೇಳಸಂಗಿಲ್ಲ."

ನಾನು ಇಳಿದು ಬಾಗಿಲು ಹಾಕಿದೆ. ಅವಳು ಸುಲೇಪೇಟದ ದಾರಿ ಹಿಡಿದಳು.