ಮಡಿಲಿಗೆ ಹಾಕಿದ ಕಾಯಿ

ನನ್ನ ಕೆಲಸ ಏಳು ನೂರು ವರ್ಷ ಹಳೆಯ ಕೊಲೆಗಳನ್ನು ಓದುವುದು. ನಲವತ್ತು ದಾಟಿದ ಮೇಲೆ ಐರ್ಲೆಂಡಿನ ಮೇನೂತಿನಲ್ಲಿ ಪಿಎಚ್‌ಡಿಗೆ ಸೇರಿದವಳು ನಾನು. ಹದಿನಾಲ್ಕನೆಯ ಶತಮಾನದಲ್ಲಿ ಪರ್ಷಿಯಾವನ್ನು ಆಳಿದ ಒಬ್ಬ ಮಂಗೋಲ್ ರಾಜಕುಮಾರಿ ನನ್ನ ವಿಷಯ. "ಇಷ್ಟು ದೂರ ಬಂದು ಯಾವ್ದೋ ಊರಿನ ರಾಣಿ ಕಟ್ಕೊಂಡು ಏನ್ಮಾಡ್ತೀಯ? ನಮ್ಮಲ್ಲಿ ರಾಣಿಯರಿಗೆ ಬರ ಬಂದಿತ್ತಾ?" ಎಂದು ನನ್ನ ಗಂಡ ಕಾಲೆಳೆಯುತ್ತಿದ್ದರು. ರಕ್ತಪಾತ ಓದಿ ಓದಿ ನನಗೆ ಅಭ್ಯಾಸವಾಗಿದೆ, ಯಾವುದಕ್ಕೂ ಬೆಚ್ಚುವುದಿಲ್ಲ ಎಂದು ನಾನು ಜಂಭ ಕೊಚ್ಚಿಕೊಳ್ಳುತ್ತಿದ್ದೆ.

ಆ ರಾಜಕುಮಾರಿಯ ಅಪ್ಪ ದೊರೆ, ಒಡಹುಟ್ಟಿದವನೂ ದೊರೆ. ದಂಗೆ ಅಡಗಿಸಿದ ಮುದಿ ಸೇನಾಪತಿಗೆ ಇನಾಮಿನ ಹಾಗೆ ಅವಳನ್ನು ಮದುವೆ ಮಾಡಿಕೊಟ್ಟರು. ಅವಳ ಒಡಹುಟ್ಟಿದವಳನ್ನೇ ಅವನು ಮೊದಲು ಕಟ್ಟಿಕೊಂಡಿದ್ದ, ಅವಳು ಸತ್ತಿದ್ದಳು. ಕೆಲವು ವರ್ಷಗಳ ನಂತರ ದೊರೆಗೂ ಸೇನಾಪತಿಗೂ ಕೆಟ್ಟಿತು. ಸೇನಾಪತಿ ಹಳೆಯ ಸ್ನೇಹಿತನ ಊರಿಗೆ ಓಡಿದ, ಆ ಸ್ನೇಹಿತನೇ ಅವನ ಕತ್ತು ಹಿಸುಕಿಸಿದ. ಸತ್ತದ್ದಕ್ಕೆ ಸಾಕ್ಷಿಯಾಗಿ ಅವನ ಹೆಬ್ಬೆರಳನ್ನು ಕತ್ತರಿಸಿ ದೊರೆಗೆ ಕಳಿಸಿದರು. ಅದನ್ನು ಪೇಟೆಯಲ್ಲಿ ತೂಗುಹಾಕಿದರಂತೆ. ಗಂಡನ ಬೆರಳು ಪೇಟೆಯಲ್ಲಿ ತೂಗುತ್ತಿರುವಾಗ ಅವಳು ಏನು ಮಾಡುತ್ತಿದ್ದಳು ಎಂದು ಯಾರೂ ಬರೆದಿಲ್ಲ.

ದೊರೆ ಸತ್ತ ಮೇಲೆ ಅವಳ ಎರಡನೆಯ ಗಂಡ ಸಿಂಹಾಸನದ ಮೇಲೆ ಕೂತು ಕೆಲವೇ ತಿಂಗಳಲ್ಲಿ ಕೊಲೆಯಾದ. ಆಮೇಲೆ ಬಂದವನು ಮೊದಲ ಗಂಡನ ಮೊಮ್ಮಗ. ಅವನಿಗೆ ರಾಜವಂಶದ ಒಂದು ಮುಖ ಬೇಕಾಗಿತ್ತು. ಇವಳನ್ನು ಕೂರಿಸಿದ. ನಾಣ್ಯಗಳ ಮೇಲೆ ಅವಳ ಹೆಸರು ಬಂತು, ಶುಕ್ರವಾರದ ಪ್ರಾರ್ಥನೆಯಲ್ಲಿ ಅವಳ ಹೆಸರು ಓದಿದರು. ಸುಮಾರು ಒಂದು ವರ್ಷದಲ್ಲಿ ಅವನಿಗೆ ಇನ್ನೊಬ್ಬ ಗೊಂಬೆ ಸಿಕ್ಕಿದ. ಇವಳನ್ನು ಇಳಿಸಿ, ಬಲವಂತದಿಂದ ಆ ಗೊಂಬೆಗೇ ಮೂರನೆಯ ಮದುವೆ ಮಾಡಿದ. ನನ್ನ ಪ್ರಬಂಧದಲ್ಲಿ ನಾನು ಬರೆದಿದ್ದೆ: ಈ ಮದುವೆಯೊಂದಿಗೆ ಸಿಂಹಾಸನದ ವ್ಯಾಜ್ಯ ಶಾಂತಿಯುತವಾಗಿ ಬಗೆಹರಿಯಿತು. ಪಕ್ಕದಲ್ಲಿ ನನ್ನ ಗೈಡ್ ಒಂದೇ ಸಾಲು ಕೇಳಿದ್ದರು, ಯಾರಿಗೆ ಶಾಂತಿ ಎಂದು. ಪರ್ಷಿಯನ್ ಒಂದಕ್ಷರ ಬಾರದವರು ನನ್ನನ್ನು ಕೇಳುತ್ತಾರಲ್ಲ ಎಂದು ಮೈ ಉರಿದು ಲ್ಯಾಪ್‌ಟಾಪ್ ಮುಚ್ಚಿದ್ದೆ.

ಆಗ ಲಾಕ್‌ಡೌನ್. ಮನೆಯಿಂದ ಎರಡು ಕಿಲೋಮೀಟರ್ ಮಾತ್ರ ಹೋಗಬಹುದು ಎಂದಿದ್ದದ್ದು ಐದಕ್ಕೆ ಏರಿತ್ತು. ಲೆಪರ್ಡ್ಸ್‌ಟೌನಿನ ಆಫೀಸಿಗೆ ಹೋಗುತ್ತಿದ್ದ ನನ್ನ ಗಂಡ ಊಟದ ಮೇಜಿನ ಮೇಲೆ ಆಫೀಸು ಹೂಡಿದ್ದರು. ಹದಿನಾಲ್ಕು ವರ್ಷದ ಮಗಳು ಮಹಡಿಯ ಮೇಲೆ ತನ್ನ ಕ್ಲಾಸಿನಲ್ಲಿ, ನಾನು ಅಡುಗೆಮನೆಯ ಮೂಲೆಯಲ್ಲಿ. ನಮ್ಮದು ಜೋಡಿ ಮನೆ, ಪಕ್ಕದವರಿಗೂ ನಮಗೂ ನಡುವೆ ಒಂದೇ ಗೋಡೆ. ಪಕ್ಕದಲ್ಲಿದ್ದವರೂ ನಮ್ಮವರೇ. ಇಲ್ಲೇ ಮಾಸ್ಟರ್ಸ್ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ, ಅವನನ್ನು ಮದುವೆಯಾಗಿ ದಾವಣಗೆರೆಯಿಂದ ಬಂದು ಆರು ತಿಂಗಳಾಗಿದ್ದ ಹುಡುಗಿ. ನನ್ನ ಗಂಡನೂ ಅವನೂ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗಿಬರುತ್ತಿದ್ದವರು. ಆ ಮನೆ ಬಾಡಿಗೆಗಿದೆ ಎಂದು ಅವನಿಗೆ ಹೇಳಿದ್ದೇ ನಾವು.

ಅವನು ಮೈಕ್ ಮ್ಯೂಟ್ ಮಾಡಿ ಹೊಡೆಯುತ್ತಿದ್ದ. ಗೋಡೆಯಾಚೆ ಅವನ ಮೀಟಿಂಗಿನ ಇಂಗ್ಲಿಷ್ ಒಂದೇ ಸಮನೆ ಕೇಳುತ್ತಿತ್ತು, ಇದ್ದಕ್ಕಿದ್ದ ಹಾಗೆ ನಿಲ್ಲುತ್ತಿತ್ತು. ಆಮೇಲೆ ಕುರ್ಚಿ ಎಳೆದ ಸದ್ದು, ಏಟಿನ ಸದ್ದು, ಏನೋ ಬಿದ್ದ ಸದ್ದು. ಅವಳ ದನಿ ಕೇಳುತ್ತಿರಲಿಲ್ಲ. ಕೂಗಿದರೆ ಇನ್ನೂ ಎರಡು ಬೀಳುತ್ತವೆ ಎಂದು ಅವಳು ಕಲಿತುಬಿಟ್ಟಿದ್ದಳು. ನಿಮಿಷದೊಳಗೆ ಅವನು ಮತ್ತೆ, "ಸಾರಿ, ಐ ವಾಸ್ ಆನ್ ಮ್ಯೂಟ್" ಎಂದು ಶುರುಮಾಡುತ್ತಿದ್ದ. ನಾನು ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಲ್ಲುತ್ತಿದ್ದೆ. ನನ್ನ ಗಂಡ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ.

"ರೀ, ಕೇಳಿಸ್ತಿಲ್ವಾ ನಿಮ್ಗೆ?"

"ಕೇಳಿಸ್ತೈತೆ. ಏನ್ಮಾಡ್ಲಿ? ಹೊಸಬ್ರು, ಮನೇಲೇ ಕೂತು ತಲೆ ಕೆಟ್ಟಿರ್ತದೆ. ನಾವು ಮೂಗು ತೂರಿಸಿದ್ರೆ ಇನ್ನೂ ಜಾಸ್ತಿ ಆಗುತ್ತೆ."

ಮಗಳು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಿದ್ದಳು. ಇಲ್ಲಿ ಪೊಲೀಸರಿಗೆ ಗಾರ್ಡ್ಸ್ ಎನ್ನುತ್ತಾರೆ. "ಅಮ್ಮಾ, ಜಸ್ಟ್ ರಿಂಗ್ ದ ಗಾರ್ಡ್ಸ್" ಎಂದಳು. ನಾನು ಅವಳ ಮೇಲೆ ರೇಗಿದೆ. ಪೊಲೀಸು ಅಂದರೆ ಅವನ ಕೆಲಸ ಹೋಗುತ್ತದೆ, ಅವನ ಮೇಲೆ ನಿಂತಿರುವ ಅವಳ ಡಿಪೆಂಡೆಂಟ್ ವೀಸಾ ಹೋಗುತ್ತದೆ, ಊರಲ್ಲಿ ಅವಳ ಅಪ್ಪ ಅಮ್ಮ ತಲೆ ಎತ್ತುವ ಹಾಗಿಲ್ಲ, ನಿನಗೇನು ಗೊತ್ತು ಎಂದೆ. ಇದರಲ್ಲಿ ಒಂದನ್ನೂ ನಾನು ಯಾರನ್ನೂ ಕೇಳಿ ತಿಳಿದುಕೊಂಡಿರಲಿಲ್ಲ.

ಒಂದು ಮಂಗಳವಾರ ಬೆಳಗ್ಗೆ ಅವಳೇ ಹಿತ್ತಿಲ ಮರದ ಬೇಲಿ ಹತ್ತಿ ನಮ್ಮ ಕಡೆ ಹಾರಿದಳು. ಬರಿಗಾಲು, ತುಟಿ ಸೀಳಿ ರಕ್ತ ಗಲ್ಲಕ್ಕೆ ಇಳಿದಿತ್ತು, ಒಂದು ಕಡೆ ಕೂದಲು ಕಿತ್ತು ನೆತ್ತಿ ಕೆಂಪಾಗಿತ್ತು. ಅವನು ಬಂದು ಬಾಗಿಲು ತಟ್ಟಲಿಲ್ಲ. ಒಂಬತ್ತೂವರೆಗೆ ಅವನಿಗೆ ಮೀಟಿಂಗ್ ಇತ್ತು.

ನಾಲ್ಕು ದಿನ ಅವಳು ನಮ್ಮ ಚಿಕ್ಕ ರೂಮಿನಲ್ಲಿದ್ದಳು, ಮಗಳ ಟೋಪಿಯಿರುವ ಸ್ವೆಟ್‌ಶರ್ಟ್ ಹಾಕಿಕೊಂಡು. ನಾನು ಪಕ್ಕದಲ್ಲಿ ಕೂತು ಟೈಪ್ ಮಾಡುವಾಗ ಏನು ಬರೆಯುತ್ತೀರಿ ಎಂದು ಕೇಳಿದಳು. ರಾಣಿಯ ಕಥೆ ಹೇಳಿದೆ. ಹೆಬ್ಬೆರಳಿನ ಮಾತು ಬಂದಾಗ ಅವಳು ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಕಡೆಗೆ ಅಂದಳು, "ಹಂಗಾದ್ರೆ ಅವಳೂ ಡಿಪೆಂಡೆಂಟೇ ಅಲ್ವಾ ಅಕ್ಕ."

ಇಬ್ಬರೂ ನಕ್ಕೆವು. ಅವಳ ತುಟಿ ಮತ್ತೆ ಒಡೆದು ರಕ್ತ ಬಂತು.

ಮೂರನೆಯ ದಿನದಿಂದ ನನ್ನ ಗಂಡ ಕೋವಿಡ್ ಮಾತೆತ್ತಿದರು. ಬೇರೆ ಮನೆಯವರನ್ನು ಒಳಗೆ ಇಟ್ಟುಕೊಳ್ಳುವ ಹಾಗಿಲ್ಲ, ನಾಳೆ ಯಾರಾದರೂ ಕೇಳಿದರೆ ಏನು ಹೇಳುವುದು. ಊರಿನಿಂದ ಅವಳ ಅಮ್ಮ ನನಗೆ ಫೋನ್ ಮಾಡಿ ಅತ್ತರು. "ಅಲ್ಲಿ ನಮ್ಗೆ ನೀವೇ ದೊಡ್ಡೋರು. ನಾಕು ಬುದ್ಧಿಮಾತು ಹೇಳಿ ಇಬ್ರನ್ನೂ ಒಂದ್ಮಾಡಿ ತಾಯಿ. ವಿಮಾನಾನೂ ಇಲ್ಲ, ಕರಸ್ಕೊಳ್ಳೋಣ ಅಂದ್ರೆ."

ದೊಡ್ಡವರು ಎಂದರಲ್ಲ, ನನಗೆ ಹಿತವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಿಜಕ್ಕೂ ಹಿತವಾಯಿತು.

ಶನಿವಾರ ಹಿತ್ತಿಲಲ್ಲಿ ಪಂಚಾಯ್ತಿ ಸೇರಿಸಿದೆವು. ಹೊರಗೆ ನಾಲ್ಕು ಜನ ಎರಡು ಮೀಟರ್ ದೂರ ಕೂರಬಹುದು ಎಂದು ನಿಯಮ ಸಡಿಲವಾಗಿತ್ತು, ನಾವು ಸರಿಯಾಗಿ ನಾಲ್ಕೇ ಜನ. ಫೋನಿನ ಸ್ಪೀಕರಿನಲ್ಲಿ ಅವಳ ಅಮ್ಮ. ಅವನು ಅತ್ತ. ಕೆಲಸದ ಟೆನ್ಷನ್ ಎಂದ. ಇನ್ನು ಕೈ ಎತ್ತುವುದಿಲ್ಲ ಎಂದು ತಾಯಿಯ ಮೇಲೆ ಆಣೆ ಇಟ್ಟ. ಎರಡು ಮೀಟರ್ ದೂರದಿಂದಲೇ ಹುಲ್ಲಿನ ಮೇಲೆ ನಮಗೆ ಅಡ್ಡಬಿದ್ದ. ನನ್ನ ಗಂಡ ನಾಲ್ಕು ಬುದ್ಧಿಮಾತು ಹೇಳಿದರು, ಎರಡು ಅವನಿಗೆ, ಎರಡು ಅವಳಿಗೆ. ಹೊಡೆಸಿಕೊಂಡವಳಿಗೆ ಯಾವ ಬುದ್ಧಿಮಾತು ಎಂದು ನನ್ನ ಬಾಯಿಂದ ಬರಲಿಲ್ಲ.

ಕಳಿಸುವುದೇ ಆದರೆ ಶಾಸ್ತ್ರೋಕ್ತವಾಗಿ ಕಳಿಸೋಣ ಎಂದು ನನಗೆ ಹುಮ್ಮಸ್ಸು. ತವರಿನಿಂದ ಹೆಣ್ಣುಮಗಳು ಗಂಡನ ಮನೆಗೆ ಹೊರಡುವಾಗ ಬರಿ ಮಡಿಲಿನಲ್ಲಿ ಕಳಿಸುವುದಿಲ್ಲ. ಅಕ್ಕಿ, ಬೆಲ್ಲ, ರವಿಕೆ ಕಣ ಮನೆಯಲ್ಲಿದ್ದವು. ಕಾಯಿ ಇರಲಿಲ್ಲ. ಅದಕ್ಕಾಗಿ ಅಂದು ಬೆಳಗ್ಗೆಯೇ ಕಾರು ತೆಗೆದುಕೊಂಡು ಲೂಕನ್ನಿನ ಇಂಡಿಯನ್ ಅಂಗಡಿಗೆ ಹೋಗಿದ್ದೆ, ಐದು ಕಿಲೋಮೀಟರ್ ದಾಟಿ. ದಾರಿಯಲ್ಲಿ ಚೆಕ್‌ಪಾಯಿಂಟಿನ ಗಾರ್ಡ್ ಎಲ್ಲಿಗೆ ಎಂದು ಕೇಳಿದ, ಎಸೆನ್ಶಿಯಲ್ ಶಾಪಿಂಗ್ ಎಂದೆ. ಅವಳನ್ನು ಅದೇ ಕಾರಿನಲ್ಲಿ ಕೂರಿಸಿಕೊಂಡು ಅದೇ ಗಾರ್ಡಿನ ಮುಂದೆ ನಿಲ್ಲಿಸಬಹುದಿತ್ತು. ಹೊಳೆಯಲಿಲ್ಲ.

ಅವಳ ಸ್ವೆಟ್‌ಶರ್ಟಿನ ಮೇಲೆ ನನ್ನದೊಂದು ದುಪಟ್ಟಾ ಹೊದಿಸಿ, ಸೆರಗಿನ ಹಾಗೆ ಹಿಡಿಯಲು ಹೇಳಿದೆ. ಕುಂಕುಮ ಇಟ್ಟೆ. ಐದು ಬೊಗಸೆ ಅಕ್ಕಿ ಹಾಕಿ ಮೇಲೆ ಕಾಯಿ ಇಟ್ಟೆ. ತುಟಿಯ ಗಾಯ ಆಗಿನ್ನೂ ಕಪ್ಪು ಹಕ್ಕಳೆಗಟ್ಟಿತ್ತು.

"ಹೋಗ್ಲೇಬೇಕಾ ಅಕ್ಕ?" ಎಂದಳು, ನನಗೆ ಮಾತ್ರ ಕೇಳುವ ಹಾಗೆ.

"ನಾವು ಎಲ್ಲಿದ್ದೀವಿ ಹೇಳು? ಒಂದು ಗೋಡೆ ಪಕ್ಕ. ಏನಾದ್ರೂ ಆದ್ರೆ ನಂಗೆ ಕೇಳಿಸಲ್ವಾ?"

ಒಂಬತ್ತು ದಿನ ಏನೂ ಕೇಳಿಸಲಿಲ್ಲ. ಒಮ್ಮೆ ಅವನು ಬೇಲಿಯಾಚೆಯಿಂದ ನಗುತ್ತಾ, "ಈಗ ಎಲ್ಲ ಗ್ರ್ಯಾಂಡ್ ಐತೆ ಅಕ್ಕ, ನಿಮ್ಮ ಉಪಕಾರ" ಎಂದ. ಗ್ರ್ಯಾಂಡ್ ಎನ್ನುವುದನ್ನು ಇಲ್ಲಿಯವರ ಹಾಗೇ ಎಳೆದು ಹೇಳಲು ಕಲಿತಿದ್ದ. ನಾನು ಅವಳ ಅಮ್ಮನಿಗೆ ಫೋನ್ ಮಾಡಿ ಎಲ್ಲ ಸರಿಹೋಯಿತು ಎಂದೆ. ಅವರು ಅಲ್ಲಿಂದಲೇ ನನಗೆ ಕೈಮುಗಿದರಂತೆ.

ಹತ್ತನೆಯ ದಿನ, ಮಧ್ಯಾಹ್ನ. ನಾನು ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಗೋಡೆಯಾಚೆ ಅವನ ಇಂಗ್ಲಿಷ್ ನಿಂತಿತು. ಸ್ವಲ್ಪ ಹೊತ್ತಿಗೆ ಟಪ್ ಎಂದು ತೆಂಗಿನಕಾಯಿ ಒಡೆದ ಸದ್ದು. ನಮ್ಮ ಕಡೆಯ ಯಾವ ಹೆಂಗಸಿಗೂ ಆ ಸದ್ದು ನಿದ್ದೆಯಲ್ಲೂ ಗುರುತು ಸಿಗುತ್ತದೆ. ಪರವಾಗಿಲ್ಲವೇ, ಇಬ್ಬರೂ ಪೂಜೆ ಮಾಡುತ್ತಿದ್ದಾರೆ ಎಂದುಕೊಂಡೆ. ನಾನು ಕೊಟ್ಟ ಕಾಯಿಯೇ ಇರಬೇಕು, ಅವಳು ಇವತ್ತಿನವರೆಗೂ ಎತ್ತಿಟ್ಟಿದ್ದಾಳಲ್ಲ ಎಂದುಕೊಂಡೆ. ಮನಸ್ಸು ತುಂಬಿ ಬಂತು. ಸಾಸಿವೆ ಹಾಕಿದೆ. ಅದು ಚಟಪಟ ಸಿಡಿಯುವಾಗ ಅವನು ಮತ್ತೆ, ಸಾರಿ, ಐ ವಾಸ್ ಆನ್ ಮ್ಯೂಟ್ ಎಂದ.

ಆಗ ಮಹಡಿಯ ಮೇಲಿನಿಂದ ಮಗಳು ಕಿರುಚಿದಳು. ಅವಳ ಕಿಟಕಿಗೆ ಪಕ್ಕದವರ ಹಿತ್ತಿಲು ಕಾಣುತ್ತದೆ.

ಆಮೇಲೆ ಪಕ್ಕದ ಹುಡುಗಿ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಗೊತ್ತಾದದ್ದು ಇಷ್ಟು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಕಾಯಿ ಅಡುಗೆಮನೆಯ ಕಟ್ಟೆಯ ಮೇಲಿತ್ತು. ಅವನು ಅದರ ಜುಟ್ಟು ಹಿಡಿದು ತಲೆಗೆ ಬೀಸಿದ. ಅವಳು ಕೈ ಅಡ್ಡ ಹಿಡಿದಳು, ಮಣಿಕಟ್ಟಿನ ಮೂಳೆ ಮುರಿಯಿತು. ಎರಡನೆಯ ಏಟು ತಪ್ಪಿ ಕಟ್ಟೆಯ ಕಲ್ಲಿಗೆ ಬಿತ್ತು, ಕಾಯಿ ಒಡೆಯಿತು. ಅದೇ ನನಗೆ ಕೇಳಿಸಿದ್ದು. ಮೂರನೆಯದನ್ನು ಅವನು ಒಡೆದ ಹೋಳಿನ ಅಂಚಿನಿಂದ ಹೊಡೆದ. ಚಿಪ್ಪು ಹುಬ್ಬಿನಿಂದ ಕಿವಿಯವರೆಗೆ ಸೀಳಿತು. ನಾನು ಬೇಲಿಯ ಹತ್ತಿರ ಓಡಿದಾಗ ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು, ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು, ಕುತ್ತಿಗೆಯ ಮೇಲೆ ಕಾಯಿಚೂರು ಅಂಟಿತ್ತು. ಕಾಯಿನೀರೂ ರಕ್ತವೂ ಕೂಡಿ ಅವಳ ಬಟ್ಟೆಯೆಲ್ಲ ಒದ್ದೆ. ನಾನು ಬೇಲಿ ಹತ್ತಲು ಹೋಗಿ ಎರಡು ಸಲ ಜಾರಿದೆ. ಅಷ್ಟರಲ್ಲಿ ಮಗಳು ನನ್ನನ್ನು ಕೇಳದೆ ಫೋನ್ ಮಾಡಿಯಾಗಿತ್ತು. ಗಾರ್ಡ್ಸ್ ಎಂಟು ನಿಮಿಷಕ್ಕೆ ಬಂದರು.

ಬಂದವರಲ್ಲಿ ಒಬ್ಬಳು ಹೆಂಗಸು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಹುಡುಗಿಯನ್ನು ಆಂಬುಲೆನ್ಸಿಗೆ, ಅವನನ್ನು ಕಾರಿಗೆ ಹತ್ತಿಸಿದ ಮೇಲೆ ನಮ್ಮ ಬಾಗಿಲಲ್ಲಿ ನಿಂತು ಕೇಳಿದಳು, ಇದಕ್ಕೆ ಮೊದಲು ನಿಮಗೇನಾದರೂ ಗೊತ್ತಿತ್ತೇ? ಗೊತ್ತಿತ್ತು ಎಂದೆ. ಇಲ್ಲಿ ನಾಲ್ಕು ದಿನ ಇದ್ದಳು ಎಂದೆ. ಐದು ಕಿಲೋಮೀಟರ್, ಕೋವಿಡ್ ನಿಯಮ ಎಂದು ಏನೇನೋ ತೊದಲಿದೆ. ಆ ನಿಯಮ ಪ್ರಾಣ ಉಳಿಸಿಕೊಳ್ಳಲು ಓಡುವವರಿಗೆ ಎಂದೂ ಇರಲಿಲ್ಲ ಎಂದಳು. ಇವತ್ತು ಸದ್ದು ಕೇಳಿಸಲಿಲ್ಲವೇ ಎಂದಳು. ಕೇಳಿಸಿತು, ದೇವರ ಪೂಜೆ ಅಂದುಕೊಂಡೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು, ಆಮೇಲೆ ಅದನ್ನೂ ಬರೆದುಕೊಂಡಳು.

ಅಂದು ಲ್ಯಾಪ್‌ಟಾಪ್ ತೆರೆದು, ಶಾಂತಿಯುತವಾಗಿ ಬಗೆಹರಿಯಿತು ಎಂದಿದ್ದ ಆ ಸಾಲನ್ನು ಅಳಿಸಿದೆ. ಅದರ ಜಾಗಕ್ಕೆ ಏನು ಬರೆಯಬೇಕು ಎಂದು ವಾರವಾದರೂ ತಿಳಿಯಲಿಲ್ಲ. ಸೇನಾಪತಿಯ ಮೊಮ್ಮಗ ರಾಣಿಯನ್ನು ಸಿಂಹಾಸನದಿಂದ ಇಳಿಸಿ ಮೂರನೆಯವನಿಗೆ ಒಪ್ಪಿಸಿದ ದಿನ ಅಲ್ಲಿಯೂ ಯಾರೋ ದೊಡ್ಡವರು ಎನಿಸಿಕೊಂಡವರು ಮುಂದೆ ನಿಂತು ಹಾರೈಸಿರುತ್ತಾರೆ. ಅವರ ಮೇಲೆ ನನಗೆ ಹಲ್ಲು ಕಚ್ಚುವಷ್ಟು ಕೋಪ ಬಂತು. ಮಗಳು ನನ್ನೊಂದಿಗೆ ಮಾತು ಬಿಟ್ಟಿದ್ದಳು.

ಪಕ್ಕದ ಹುಡುಗಿ ಬದುಕಿದಳು. ಹುಬ್ಬಿನ ಮೇಲೆ ಹದಿನೇಳು ಹೊಲಿಗೆ. ಹೆಂಗಸರ ಆಶ್ರಯಧಾಮದಲ್ಲಿ ಐದು ತಿಂಗಳು ಇದ್ದಳು. ಅವನು ಅವಳ ಹತ್ತಿರ ಸುಳಿಯದಂತೆ ಕೋರ್ಟು ಆದೇಶ ಮಾಡಿತು. ವೀಸಾ ಹೋಗಲಿಲ್ಲ. ಅದಕ್ಕೊಂದು ದಾರಿ ಮೊದಲಿನಿಂದಲೂ ಇತ್ತಂತೆ, ಕೇಳಿದ್ದರೆ ಒಂದು ಫೋನಿನಲ್ಲಿ ಹೇಳುತ್ತಿದ್ದರಂತೆ. ಕಿಲ್ಕೆನ್ನಿಯ ಕಡೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೊರಡುವ ದಿನ, ಆ ಮನೆಯಿಂದ ತಂದು ನಮ್ಮ ಚಿಕ್ಕ ರೂಮಿನಲ್ಲಿ ಇಟ್ಟಿದ್ದ ತನ್ನ ಚೀಲ ತೆಗೆದುಕೊಳ್ಳಲು ಬಂದಳು. ಮಗಳು ಓಡಿಬಂದು ತಬ್ಬಿಕೊಂಡಳು. ನನಗೆ ಏನು ಮಾಡಬೇಕೋ ತೋಚದೆ, ಕೈ ಅದರ ಪಾಡಿಗೆ ಅದು ಕುಂಕುಮದ ಬಟ್ಟಲು ತೆಗೆದುಕೊಂಡಿತು. ಅಕ್ಕಿಯ ಡಬ್ಬಿಯ ಮುಚ್ಚಳವನ್ನೂ ತೆಗೆದಿದ್ದೆ.

"ಮಡಿಲಿಗೆ ಬೇಡ ಅಕ್ಕ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಬಸ್ಸಿಗೆ ಇನ್ನೂ ಟೈಮ್ ಐತೆ. ಟೀ ಕೊಡಿ."

ಮಣಿಕಟ್ಟು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ, ಕಪ್ಪನ್ನು ಎಡಗೈಯಲ್ಲಿ ಹಿಡಿದಳು. ಒಂದು ಗುಟುಕು ಕುಡಿದು ಕೇಳಿದಳು, "ನಿಮ್ಮ ರಾಣಿ ಕಡೆಗೆ ಏನಾದ್ಲು?"

"ಗೊತ್ತಿಲ್ಲ. ಮೂರನೆಯವನ ಸೋಲಿನ ಜೊತೆ ಅವಳ ಸುದ್ದಿನೂ ನಿಂತುಹೋಗುತ್ತೆ. ಎಲ್ಲಿ ಸತ್ಲು, ಹೇಗೆ ಸತ್ಲು, ಯಾರೂ ಬರ್ದಿಲ್ಲ."

ಅವಳು ಕಪ್ಪು ಕೆಳಗಿಟ್ಟಳು. "ನನ್ ಬಗ್ಗೆ ಯಾವತ್ತಾದ್ರೂ ಬರೆಯೋದಾದ್ರೆ ಬರೀರಿ. ಹೆಸ್ರು ಬೇಡ, ನಂದೂ ಬೇಡ, ಅವ್ನದೂ ಬೇಡ. ಆದ್ರೆ ಆ ಕಾಯಿ ಯಾರ ಮನೇದು ಅಂತ ಬರೀರಿ."

ನಮ್ಮ ಮನೆಯದು. ನಾನೇ ಲೂಕನ್ನಿನ ಅಂಗಡಿಯಲ್ಲಿ ಹತ್ತು ಕಾಯಿ ಎತ್ತಿ ನೋಡಿ, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಜುಟ್ಟು ಗಟ್ಟಿ ಇರುವುದನ್ನೇ ಆರಿಸಿ ತಂದದ್ದು.