ಖಣದ ಚೂರಿನ ಕೈಚೀಲ

ಮೂರು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಮುಗಿದು ನಾಲ್ಕೈದು ದಿನ ಆಗಿತ್ತು, ಎಳ್ಳುಬೆಲ್ಲ ಇನ್ನೂ ಡಬ್ಬಿಯ ತಳದಲ್ಲಿತ್ತು. ನಾನು ಬಾಗಲಕೋಟೆಯ ನವನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕುಪ್ಪಸ ಹೊಲಿಯುತ್ತೇನೆ. ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು, ಮಗಳನ್ನು ಹುನಗುಂದಕ್ಕೆ ಕೊಟ್ಟಿದ್ದೇನೆ. ಮನೆಯಲ್ಲಿ ನಾನು ಮತ್ತು ಹೊಲಿಗೆ ಮಶೀನು, ಇಷ್ಟೇ. ಆದರೂ ಆಗ ಒಬ್ಬಳೇ ಇದ್ದೇನೆ ಅಂತ ಅನ್ನಿಸಿರಲಿಲ್ಲ. ಎದುರು ಮನೆಯಲ್ಲಿ ಕಸ್ತೂರಿ ಇದ್ದಳು.

ಹಳೇ ಊರಿನ ನಮ್ಮ ಓಣಿಗೆ ಅಣೆಕಟ್ಟಿನ ಹಿನ್ನೀರು ಬಂದು, ಇಲ್ಲಿ ಜಾಗ ಕೊಟ್ಟಾಗ ಓಣಿಯ ಮಂದಿಯೆಲ್ಲ ಒಂದೊಂದು ಸೆಕ್ಟರಿಗೆ ಚದುರಿ ಹೋದರು. ನನಗೆ ಅಕ್ಕಪಕ್ಕದವರು ಯಾರೆಂದೇ ಗೊತ್ತಿರಲಿಲ್ಲ. ಮೊದಲ ದಿನ ಒಲೆ ಹೂಡುವ ಮುಂಚೆಯೇ ಎರಡು ರೊಟ್ಟಿ, ಪುಂಡಿಪಲ್ಲೆ ತಂದುಕೊಟ್ಟವಳು ಕಸ್ತೂರಿ. ಆಮೇಲೆ ದಿನಾ ಮಧ್ಯಾಹ್ನ ಬಂದು ಹೊಸ್ತಿಲ ಮೇಲೆ ಕೂತು ನನ್ನ ಕುಪ್ಪಸಗಳಿಗೆ ಹುಕ್ಕು ಹಚ್ಚುವುದು, ಅಂಗಿಗಳ ಗುಂಡಿತೂತಿಗೆ ಕಾಜಾ ಹಾಕುವುದು ಆಕೆಯ ಕೆಲಸವಾಯಿತು. ನಾಲ್ಕು ಗಂಟೆಗೆ ಚಹಾ. ಆಕೆ ಕಪ್ಪಿನಿಂದ ಬಸಿಗೆ ಸುರಿದುಕೊಂಡೇ ಕುಡಿಯಬೇಕು.

ಹೊಲಿದು ಉಳಿದ ಬಟ್ಟೆಯ ಚೂರನ್ನು ನಾನು ಎಸೆಯುವುದಿಲ್ಲ. ಕುಪ್ಪಸಕ್ಕೆಂದೇ ನೇಯುವ ಗುಳೇದಗುಡ್ಡದ ಖಣವಂತೂ ಎಸೆಯಲು ಕೈ ಬರುವುದಿಲ್ಲ. ಚೂರು ಜೋಡಿಸಿ ಕೈಚೀಲ ಮಾಡಿ ಬೇಕಾದವರಿಗೆ ಕೊಡುತ್ತಿದ್ದೆ. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಯಾವ ಚೂರು ಯಾರ ಕುಪ್ಪಸದ್ದು, ಯಾವ ಚೀಲ ಯಾರ ಮನೆಗೆ ಹೋಯಿತು ಎಂಬುದೆಲ್ಲ ನನಗೆ ಬಾಯಿಪಾಠ. ಕಸ್ತೂರಿಯ ಚೀಲ ಹಸಿರು ಖಣದ್ದು, ನಡುವೆ ಕೆಂಪಂಚು. ಹಸಿರು ಆಕೆಯ ತಂಗಿಯ ಮದುವೆಗೆ ಹೊಲಿದ ಕುಪ್ಪಸದ್ದು.

ಕಸ್ತೂರಿಯ ಗಂಡ ಈರಣ್ಣ ನಲವತ್ತರ ಆಸುಪಾಸಿನವನು. ಮಿಕ್ಸರು, ಪಂಪು, ಫ್ಯಾನು ರಿಪೇರಿ ಮಾಡುತ್ತಿದ್ದ. ನನ್ನ ಮಶೀನಿನ ಮೋಟಾರು ಕೆಟ್ಟಾಗ ಊಟ ಬಿಟ್ಟು ಎದ್ದು ಬಂದವನು. ಆ ವರ್ಷ ಮಾತ್ರ ಬದಲಾಗಿದ್ದ. ಯಾವುದೋ ಗುಂಪಿನ ಸಭೆಗೆ ಹೋಗುತ್ತಿದ್ದ. ಊಟಕ್ಕೆ ಕೂತರೂ ಕಣ್ಣು ಮೊಬೈಲಿನಲ್ಲಿ. ಮಾತೆತ್ತಿದರೆ 'ನಮ್ಮವರು', 'ಅವರು' ಅನ್ನುವನು. ಅವರು ಯಾರು ಎಂದು ಕೇಳಿದರೆ ವಾರಕ್ಕೊಬ್ಬರು ಆಗುತ್ತಿದ್ದರು. ಕಸ್ತೂರಿ ನಗುತ್ತಲೇ, ನಮ್ಮ ಮನೆಯವರಿಗೆ ಈಗ ಸಾರಿಗೆ ಉಪ್ಪು ಕಮ್ಮಿಯಾದರೂ ಅವರದೇ ತಪ್ಪು ಅನ್ನುತ್ತಿದ್ದಳು.

ಆ ವಾರ ಯಾರೋ ಆಡಿದ ಮಾತಿನ ವಿಡಿಯೊ ಎಲ್ಲರ ಮೊಬೈಲಿಗೆ ಬಂತು. ಅದನ್ನು ಖಂಡಿಸಿ ಮೆರವಣಿಗೆ ಹೊರಟಿತು. ಮುಂದೆ ಹೋದವರು ಘೋಷಣೆ ಕೂಗಿದರಂತೆ, ಹಿಂದಿನವರು ಕಲ್ಲು ಎಸೆದರಂತೆ. ಮಧ್ಯಾಹ್ನಕ್ಕೆ ಅಂಗಡಿಗಳ ಶಟರು ಬಿದ್ದವು. ಸಂಜೆಗೆ ನಿಷೇಧಾಜ್ಞೆ, ಐದು ಮಂದಿ ಕೂಡಿ ನಿಲ್ಲುವಂತಿಲ್ಲ. ಮೊಬೈಲಿನ ಇಂಟರ್ನೆಟ್ಟೂ ಬಂದ್ ಆಯಿತು. ಪೊಲೀಸರ ಜೀಪು ಮೈಕಿನಲ್ಲಿ ಹೇಳುತ್ತಾ ಓಣಿ ಓಣಿ ತಿರುಗಿತು. ಬಂದೋಬಸ್ತಿಗೆ ನಿಂತಿದ್ದ ಗೃಹರಕ್ಷಕ ದಳದ ರೇಣವ್ವ ಎಂಬ ಹೆಣ್ಣುಮಗಳ ಕಣ್ಣಿಗೆ ಕಲ್ಲು ಬಿತ್ತು ಎಂದು ತಿಳಿದಾಗ ನಾನು ಮಶೀನು ನಿಲ್ಲಿಸಿದೆ. ಆಕೆಯ ಖಾಕಿ ಅಂಗಿ ನಾನೇ ಹೊಲಿದು ಹಿಂದಿನ ವಾರವಷ್ಟೇ ಕೊಟ್ಟಿದ್ದೆ.

ಮೂರನೆಯ ದಿನ ಪೊಲೀಸ್ ಠಾಣೆಯ ಹೆಣ್ಣುಮಗಳೊಬ್ಬಳು ಮನೆಗೆ ಬಂದಳು. ನನ್ನಲ್ಲಿ ಕುಪ್ಪಸ ಹೊಲಿಸುವವಳೇ. ನಾನು ಮಶೀನಿನ ಮುಂದಿದ್ದೆ, ಕಸ್ತೂರಿ ಹೊಸ್ತಿಲಲ್ಲಿ ಹುಕ್ಕು ಹಚ್ಚುತ್ತಿದ್ದಳು. ಠಾಣೆಯವಳು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ನನ್ನ ಮುಂದೆ ಹಿಡಿದಳು.

"ಅಕ್ಕಾರ, ಇಂಥಾ ಚೀಲ ಎಲ್ಲಿ ಸಿಗ್ತಾವ್ರಿ? ಪ್ಯಾಟಿ ಅಂಗಡ್ಯಾಗಂತೂ ಕಾಣಲಿಲ್ಲ."

ನಾನು ಕನ್ನಡಕ ಏರಿಸಿಕೊಂಡು, ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ ನೋಡಿದೆ. ನನ್ನ ಕಣ್ಣಿಗೆ ಬಿದ್ದದ್ದು ಬಟ್ಟೆ, ಅಂಚು, ಹೊಲಿಗೆ. ಮನಸ್ಸಿಗೆ ಹಿಗ್ಗೂ ಆಯಿತು, ಸುಳ್ಳು ಹೇಳುವುದಿಲ್ಲ.

"ಅಂಗಡ್ಯಾಗ ಎಲ್ಲಿ ಸಿಗ್ತಾವವ್ವಾ? ಇದು ನಾ ಹೊಲಿದದ್ದು," ಅಂದೆ.

ಅಂದ ಮೇಲೆ ಉಳಿದದ್ದು ಕಂಡಿತು. ಚೀಲ ಒಬ್ಬ ಗಂಡಸಿನ ಹೆಗಲಿನಲ್ಲಿತ್ತು. ಮುಖಕ್ಕೆ ವಸ್ತ್ರ ಕಟ್ಟಿದ್ದ. ಒಂದು ಕೈ ಚೀಲದೊಳಗಿತ್ತು, ಇನ್ನೊಂದರಲ್ಲಿ ಕಲ್ಲು. ಹಸಿರು ಖಣ, ನಡುವೆ ಕೆಂಪಂಚು.

ಯಾರಿಗೆ ಕೊಟ್ಟದ್ದು ಎಂದು ಆಕೆ ಕೇಳಿದಳು. ನಾನು ಕಸ್ತೂರಿಯ ಕಡೆ ನೋಡಲಿಲ್ಲ. ಇಂಥವು ಬಹಳ ಹೊಲಿದಿದ್ದೇನೆ, ನೆನಪಿಲ್ಲ ಎಂದೆ. ಆಕೆ ನನ್ನನ್ನೇ ನೋಡಿ, ನೆನಪು ಮಾಡಿಕೊಂಡಿರಿ, ನಾಳೆ ಬರುತ್ತೇನೆ ಎಂದು ಹೋದಳು. ಕಸ್ತೂರಿ ಹುಕ್ಕಿನ ಡಬ್ಬಿ ಮುಚ್ಚಿಟ್ಟು ಎದ್ದಳು. ಒಂದು ಕುಪ್ಪಸಕ್ಕೆ ಮೂರೇ ಹುಕ್ಕು ಬಿದ್ದಿದ್ದವು. ಚಹಾದ ಹೊತ್ತಾಗಿತ್ತು, ಆಕೆ ನಿಲ್ಲಲಿಲ್ಲ.

ಮನೆಯಲ್ಲಿ ಕೂರಲಾಗಲಿಲ್ಲ. ಬಿಸಿಲು ಇಳಿಯುವ ಮುನ್ನ ಒಂದು ಆಟೊ ಸಿಕ್ಕಿತು, ದವಾಖಾನೆಗೆ ಹೋದೆ. ರೇಣವ್ವನ ಅರ್ಧ ಮುಖಕ್ಕೆ ಪಟ್ಟಿ ಕಟ್ಟಿದ್ದರು. ನನ್ನ ದನಿ ಕೇಳಿ ಗುರುತು ಹಿಡಿದು, ಮೊದಲು ಹೇಳಿದ್ದು ಅಂಗಿಯ ಮಾತು.

"ಅಕ್ಕಾರ, ನಿಮ್ಮ ಅಂಗಿಗೆ ಕತ್ತರಿ ಹಾಕಿ ತಗದ್ರು ನೋಡ್ರಿ. ಎರಡು ಸಲಾನೂ ಹಾಕ್ಕೊಂಡಿದ್ದಿಲ್ಲ."

ಅಂಗಿ ಹೋಗಲಿ, ಇನ್ನೊಂದು ಹೊಲಿದು ಕೊಡುತ್ತೇನೆ ಎಂದೆ. ಇನ್ನು ಡ್ಯೂಟಿಗೆ ಯಾರು ಕರೆಯುತ್ತಾರೆ, ಕಣ್ಣು ಬರುವುದು ಕಷ್ಟ ಎಂದಿದ್ದಾರೆ ಎಂದಳು. "ಒಗದಾವಗ ನನ್ನ ಮ್ಯಾಲ ಸಿಟ್ಟೇನೂ ಇದ್ದಿಲ್ಲ ಬಿಡ್ರಿ. ನಾ ಯಾರಂತನೂ ಅವಗ ಗೊತ್ತಿರೂದಿಲ್ಲ," ಅಂದಳು. ನಾನು ತಲೆ ತಗ್ಗಿಸಿ ಅವಳ ಹೊದಿಕೆಯ ಅಂಚು ಸರಿಮಾಡುತ್ತಾ ಕೂತೆ.

ಮರುದಿನ ಮುಂಜಾನೆ ಕಸ್ತೂರಿ ಅಂಗಳಕ್ಕೆ ನೀರು ಹೊಡೆಯುವಾಗ ಹೋಗಿ ಹೇಳಿದೆ. ಇವತ್ತು ಠಾಣೆಯವಳು ಬಂದರೆ ನನಗೆ ಸುಳ್ಳು ಹೇಳಲಾಗದು. ಅದಕ್ಕೂ ಮೊದಲು ಈರಣ್ಣನೇ ಹೋಗಿ ಒಪ್ಪಿಕೊಳ್ಳಲಿ, ಬೇಕಾದರೆ ನಾನೂ ಜೊತೆಗೆ ಬರುತ್ತೇನೆ ಎಂದೆ. ನಮ್ಮ ಮನೆಯವರ ಕಲ್ಲೇ ರೇಣವ್ವನಿಗೆ ಬಿದ್ದದ್ದು ಎಂದು ಯಾರು ಕಂಡಿದ್ದಾರೆ ಎಂದು ಕೇಳಿದಳು. ಯಾರೂ ಕಂಡಿಲ್ಲ, ಖರೆ. ಆಕೆ ಬಕೆಟ್ಟು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಊರ ಮಂದಿ ಅಳತಿ ಎಲ್ಲಾ ನೆನಪಿಟ್ಟಾಕಿ ನೀ, ಶಾಂತಕ್ಕ. ನನ್ನ ಸಲುವಾಗಿ ಒಂದು ಚೀಲ ಮರೀಲಾಕ ಆಗೂದಿಲ್ಲೇನ?"

ದನಿ ಏರಿಸಲಿಲ್ಲ. ಅದೇ ಆಕೆ ನನಗೆ ಆಡಿದ ಕೊನೆಯ ಮಾತು.

ಈರಣ್ಣ ಹೋಗಲಿಲ್ಲ. ಠಾಣೆಯವಳು ಹನ್ನೊಂದು ಗಂಟೆಗೆ ಬಂದಳು, ನಾನು ಹೇಳಿದೆ. ಕಸ್ತೂರಿಯ ಮನೆಯ ಗೂಟಕ್ಕೆ ಚೀಲ ತೂಗುತ್ತಿತ್ತಂತೆ, ಅದರಲ್ಲಿ ಉಳ್ಳಾಗಡ್ಡಿ ಇತ್ತಂತೆ. ಪೊಲೀಸರು ಉಳ್ಳಾಗಡ್ಡಿಯನ್ನು ನೆಲಕ್ಕೆ ಸುರಿದು ಚೀಲವನ್ನೂ ಈರಣ್ಣನನ್ನೂ ಒಯ್ದರು. ನಾನು ಕಿಟಕಿಯಿಂದ ನೋಡಿದೆ. ಅವನು ಜೀಪು ಹತ್ತುವಾಗ ಚಪ್ಪಲಿ ಮರೆತಿದ್ದ. ಕಸ್ತೂರಿ ಓಡಿ ಬಂದು ಕೊಟ್ಟಳು.

ಇಂಟರ್ನೆಟ್ಟು ಬಂತು, ಅಂಗಡಿಗಳು ತೆರೆದವು, ಅಧಿಕಾರಿಗಳು ಎಲ್ಲರನ್ನೂ ಕರೆದು ಶಾಂತಿ ಸಭೆ ಮಾಡಿದರು. ಅಲ್ಲಿ ಹಾರ ಹಾಕಿಸಿಕೊಂಡವರಲ್ಲಿ ಮೆರವಣಿಗೆಗೆ ಕರೆ ಕೊಟ್ಟವರೂ ಇದ್ದರು ಎಂದು ಕೇಳಿದೆ. ಈರಣ್ಣ ಒಂದೂವರೆ ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಈಗ ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಮಾಡುತ್ತಾನೆ. ಸಭೆಗೆ ಕರೆಯುತ್ತಿದ್ದವರು ಯಾರೂ ಅವನ ಮನೆಯ ಕಡೆ ಬಂದದ್ದನ್ನು ನಾನು ಕಾಣೆ. ನನ್ನ ಮನೆಗೂ ಓಣಿಯವರು ಬರುವುದು ನಿಂತಿತು. ಬೇರೆ ಸೆಕ್ಟರಿನವರು ಬಟ್ಟೆ ತರುತ್ತಾರೆ, ಅಳತೆ ಕೊಡುತ್ತಾರೆ, ಹೋಗುತ್ತಾರೆ. ರೇಣವ್ವ ಒಮ್ಮೆ ಬಂದು, ಹುಕ್ಕು ಹಚ್ಚಿಕೊಡುತ್ತೇನೆ, ಸುಮ್ಮನೆ ಕೂತು ಬೇಸರ ಎಂದಳು. ಬಹಳ ಹೊತ್ತು ಪ್ರಯತ್ನಿಸಿದಳು. ಸೂಜಿಗೆ ದಾರ ಏರಲಿಲ್ಲ. ಇಬ್ಬರೂ ಚಹಾ ಕುಡಿದೆವು. ಮತ್ತೆ ಆಕೆ ಬರಲಿಲ್ಲ.

ಕಳೆದ ವರ್ಷ ಕೋರ್ಟಿನಿಂದ ಸಾಕ್ಷಿ ಹೇಳಲು ಕರೆ ಬಂತು. ಈರಣ್ಣ ಕೈಕಟ್ಟಿ ಒಂದು ಬದಿಗೆ ನಿಂತಿದ್ದ, ಕಸ್ತೂರಿ ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದಳು. ಚೀಟಿ ಕಟ್ಟಿದ್ದ ಪೊಟ್ಟಣ ಒಡೆದು ಚೀಲ ನನ್ನ ಕೈಗೆ ಕೊಟ್ಟರು. ಮಡಿಕೆಯಲ್ಲಿ ಧೂಳು ಕೂತಿತ್ತು. ಇದು ನೀವು ಹೊಲಿದದ್ದೇ ಎಂದು ಸರ್ಕಾರಿ ವಕೀಲರು ಕೇಳಿದರು. ಹೌದು ಎಂದೆ. ಪೂರ್ತಿ ನಿಮ್ಮದೇ ಹೊಲಿಗೆಯೋ, ಸರಿಯಾಗಿ ನೋಡಿ ಹೇಳಿ ಎಂದರು.

ನೋಡಿದೆ. ಒಂದು ಹಿಡಿಕೆ ಹರಿದು ಮತ್ತೆ ಹಚ್ಚಿದ್ದರು. ಎರಡೆಳೆ ಕರಿ ದಾರ, ಒತ್ತೊತ್ತಾಗಿ ಕಾಜಾ ಹಾಕಿದಂಥ ಹೊಲಿಗೆ. ಅಷ್ಟು ಒಪ್ಪವಾಗಿ ನನಗೆ ಬರುವುದಿಲ್ಲ.

"ಚೀಲ ನಂದ್ರಿ," ಅಂದೆ. "ಈ ಹಿಡಿಕಿ ಹಚ್ಚಿದಾಕಿ ನನ್ನ ಗೆಳತಿ."

ವಕೀಲರು ಹೆಸರು ಕೇಳಿದರು, ಹೇಳಿದೆ. ಕಸ್ತೂರಿ ತಲೆ ಎತ್ತಿದಳು. ಎರಡು ವರ್ಷದ ಮೇಲೆ ನಾವಿಬ್ಬರು ಒಬ್ಬರನ್ನೊಬ್ಬರು ನೆಟ್ಟಗೆ ನೋಡಿದ್ದು ಅಂದೇ.

ಈರಣ್ಣ ತನ್ನ ವಕೀಲರ ಹತ್ತಿರ ಕೋರ್ಟಿನಲ್ಲೇ ಉಳಿದ. ನಾವಿಬ್ಬರೂ ಒಂದೇ ಓಣಿಗೆ ಹೋಗಬೇಕಲ್ಲ, ಆಕೆ ಇಪ್ಪತ್ತು ಹೆಜ್ಜೆ ಮುಂದೆ, ನಾನು ಹಿಂದೆ ನಡೆದೆವು. ಓಣಿಯ ತಿರುವಿನಲ್ಲಿ ಆಕೆಯ ಹೆಜ್ಜೆ ನಿಧಾನವಾಯಿತು. ನಾನೂ ನಿಂತೆ. ಕರೆಯಬೇಕು ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಆಕೆ ಸೆರಗು ಹೊದ್ದುಕೊಂಡು ಮನೆಯೊಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡಳು. ಚಿಲಕ ಹಾಕಿದ ಸಪ್ಪಳ ಕೇಳಲಿಲ್ಲ.

ನಾನು ಮಾಡಿದ್ದು ಸರಿಯೆಂದು ಮಗಳು ಹೇಳುತ್ತಾಳೆ. ಇರಬಹುದು. ರೇಣವ್ವನ ಮುಖ ನೆನಪಾದರೆ ನನಗೂ ಹಾಗೇ ಅನ್ನಿಸುತ್ತದೆ. ಕೇಸು ಇನ್ನೂ ನಡೆದಿದೆ. ಈಗ ಹುಕ್ಕು ನಾನೇ ಹಚ್ಚುತ್ತೇನೆ, ಬೇಗ ಕಿತ್ತು ಬರುತ್ತವೆ ಎಂದು ಗಿರಾಕಿಗಳು ದೂರುತ್ತಾರೆ. ಚೀಲ ಹೊಲಿಯುವುದು ಬಿಟ್ಟಿದ್ದೇನೆ, ಚೂರು ಬಟ್ಟೆ ಮಶೀನಿನ ಕೆಳಗೆ ಮೂಟೆಯಾಗಿ ಬಿದ್ದಿದೆ. ನಾಲ್ಕು ಗಂಟೆಗೆ ಚಹಾ ಮಾಡುವಾಗ ಮಾತ್ರ ಕೈ ತಾನಾಗಿಯೇ ಎರಡು ಕಪ್ಪಿನ ನೀರು ಇಡುತ್ತದೆ. ಒಂದನ್ನು ಕುಡಿಯುತ್ತೇನೆ. ಇನ್ನೊಂದು ಆರಿ ಕೆನೆ ಕಟ್ಟುವ ತನಕ ಬಾಗಿಲು ತೆರೆದೇ ಇಟ್ಟಿರುತ್ತೇನೆ.